ಸಂಸೆ ದಾರಿಯಲ್ಲಿ ಕಬ್ಬಿಣದ ತಾಳ

ಸಂಸೆ ದಾರಿಯಲ್ಲಿ ನಮ್ಮ ಜೀಪು ಪಂಕ್ಚರ್ ಆಯಿತು. ರಸ್ತೆಬದಿಯ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಜೊತೆಗಿದ್ದ ಗೆಳೆಯ ಜಾನಪದಕ್ಕೆ ಅಮೆರಿಕದ ಬ್ಲೂಸ್ ಸಂಗೀತ ಬೆರೆಸಿ ತಾನೇ ಹಾಡು ಕಟ್ಟುವವನು, ಸುಮ್ಮನಿರುವ ಆಸಾಮಿಯಲ್ಲ. ಸೀಮೆಎಣ್ಣೆ ಡಬ್ಬಕ್ಕೆ ಕ್ಲಚ್ ವೈರ್ ಬಿಗಿದ ತನ್ನ ಗಿಟಾರು ತೆಗೆದು ಅವರೆದುರೇ ಹಾಡತೊಡಗಿದ. ಅವರು ಉಣ್ಣುತ್ತಲೇ ನಕ್ಕು ಕೇಳಿದರು. ಇವನಿಗೆ ಹುರುಪೇರಿತು. ಗುಜರಿಯಲ್ಲಿ ಸಿಕ್ಕಿದ್ದ ರೈಲುಕಂಬಿಯ ತುಂಡೊಂದನ್ನು ಕೊಂಬೆಗೆ ನೇತುಹಾಕಿ ಸುತ್ತಿಗೆಯಿಂದ ಬಾರಿಸಿದ. ಅದು ಅವನ ಹೆಮ್ಮೆಯ ವಾದ್ಯ.

ಹೆಂಗಸರೆಲ್ಲ ದಡಬಡಿಸಿ ಎದ್ದರು. ಒಬ್ಬಳು ಅರ್ಧ ಉಂಡ ಬುತ್ತಿ ಮುಚ್ಚಿ ಸೊಂಟಕ್ಕೆ ಚೀಲ ಕಟ್ಟಿಕೊಂಡೇಬಿಟ್ಟಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ಇದು ಹಾಡಿನ ತಾಳ" ಎಂದೆ ನಾನು.

ಒಬ್ಬ ಮುದುಕಿ ಗೆಳೆಯನ ಕಡೆ ತಿರುಗಿದಳು. "ನಮ್ಮನ್ನ ಕೆಲ್ಸಕ್ಕೆ ಎಬ್ಸೋದೂ ಇಂಥದ್ದೇ ಕಂಬಿ ಹೊಡ್ದು ಮಾರಾಯ್ರೆ. ಅದೊಂದು ಬಿಟ್ಟು ಹಾಡಿ. ಅದ್ರ ಸದ್ದು ಕೇಳಿದ್ರೆ ಕಾಲು ತಮ್ಮಷ್ಟಕ್ಕೇ ಏಳ್ತವೆ."

ಗೆಳೆಯನ ಮುಖ ಸಣ್ಣಗಾಯಿತು. ಕಂಬಿಯನ್ನು ಬಿಚ್ಚಿ ಜೀಪಿಗೆ ಹಾಕಿ, ಬರೀ ಡಬ್ಬ ಮೀಟುತ್ತ ಮತ್ತೆ ಹಾಡಿದ. ಹಾಡಿನ ನಡುವೆ ಎಸ್ಟೇಟಿನ ಕಂಬಿಯ ಸದ್ದೇ ಕೇಳಿಸಿತು. ಎಲ್ಲರೂ ಎದ್ದು ಹೊರಟರು. ಮುದುಕಿ ಮಾತ್ರ ಅವನು ಹಾಡುತ್ತಿದ್ದ ಸಾಲು ಮುಗಿಯುವವರೆಗೆ ಏಳಲಿಲ್ಲ.