ಕಾಕುವಿನ ಪಾಟಿ

ಕಾಕುವಿನ ಎಡಗೈ ಹೆಬ್ಬೆರಳು ಅವರ ಉಳಿದ ಮೈಗಿಂತ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಬಲಗೈಗೆ ಲಕ್ವಾ ಹೊಡೆದ ಮೇಲೆ ಚಹಾದ ಕಪ್ಪು ಎತ್ತುವುದರಿಂದ ಹಿಡಿದು ನನ್ನ ಕಿವಿ ಹಿಂಡುವವರೆಗೆ ಎಲ್ಲವೂ ಆ ಹೆಬ್ಬೆರಳಿನದೇ ಕಾರಭಾರು.

ರಬಕವಿಯಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಸೀರೆಯ ಅಂಚಿನ ಚಿತ್ತಾರ ಬರೆಯುವುದು ಅವರ ಕಸುಬು. ಕೈ ಬಿದ್ದಾಗ 'ಮುಗೀತು' ಅಂದವರೇ ಹೆಚ್ಚು. ಕಾಕು ಮಾತ್ರ ಲ್ಯಾಪ್‌ಟಾಪ್ ಒಂದನ್ನು ತರಿಸಿ, ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಶಾಲೆ ಮಕ್ಕಳು ಸ್ಲೇಟು ಇಟ್ಟುಕೊಳ್ಳುವಂತೆ, ಪಾಟಿಯಾಗಿಸಿ ತೊಡೆಯ ಮೇಲಿಟ್ಟುಕೊಂಡರು. ಪರದೆಯನ್ನು ಬೆರಳಿನಿಂದ ಮುಟ್ಟಿ ಚೌಕಗಳಿಗೆ ಬಣ್ಣ ತುಂಬುವುದು, ಯಂತ್ರದ ಬದಿಯ ಗುಂಡಿ ಒತ್ತಿ ಚಿತ್ತಾರದ ಮುಂದಿನ ಸಾಲಿಗೆ ಹೋಗುವುದು. ಒತ್ತಿದರೆ ಒಂದು ಸಾಲು ಸರಿಯಬೇಕು. ಆದರೆ ಒಮ್ಮೆ ಒತ್ತಿದರೆ ಸಾಲುಗಳು ನಿಲ್ಲದೆ ಓಡುತ್ತಿದ್ದವು.

"ಏ ಮಾಸ್ತರ, ಇದಕ್ಕ ದೆವ್ವ ಹೊಕ್ಕೈತಿ. ಬಾ ಇಲ್ಲೆ!"

ನಾನು ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಹೋಗಿ ನೋಡಿದೆ. ಗುಂಡಿ ಒತ್ತಿದ ಸುದ್ದಿಯನ್ನು ಯಂತ್ರ ಕಳಿಸುತ್ತಿತ್ತು, ಬಿಟ್ಟ ಸುದ್ದಿಯನ್ನು ಕಳಿಸುತ್ತಲೇ ಇರಲಿಲ್ಲ. ಬೆರಳು ಇನ್ನೂ ಗುಂಡಿಯ ಮೇಲೇ ಇದೆಯೆಂದು ಆಪರೇಟಿಂಗ್ ಸಿಸ್ಟಮ್ ನಂಬಿ ಕೂತಿತ್ತು. ಇವೆರಡರ ನಡುವೆ ಸುದ್ದಿ ಮುಟ್ಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಒತ್ತಿದ ಸುದ್ದಿಯ ಬೆನ್ನಿಗೇ 'ಬಿಟ್ಟರು' ಎಂದೂ ಹೇಳಿಬಿಡು ಎಂದು ಅದರಲ್ಲಿ ಬರೆದೆ. ಸಾಲು ನಿಂತಿತು. ನಾನು ಮೀಸೆ ತಿರುವಿದೆ.

ಆದರೆ ಸಿಸ್ಟಮ್ ಅಪ್‌ಡೇಟ್ ಆದಾಗಲೆಲ್ಲ ನನ್ನ ರಿಪೇರಿ ಅಳಿಸಿಹೋಗುತ್ತಿತ್ತು. ಅರ್ಧ ಅಂಚು ಹಾಗೇ ಬಿಟ್ಟು ಕಾಕು ನನ್ನ ದಾರಿ ಕಾಯಬೇಕು. ಲಕ್ವಾ ಬಡಿದಾಗಲೂ ಅವರಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ರಿಪೇರಿ ಕಾಯಮ್ಮಾಗಿ ಉಳಿಯಬೇಕೆಂದರೆ ದೂರದಲ್ಲೆಲ್ಲೋ ಕೂತು ಆ ಡ್ರೈವರನ್ನು ನೋಡಿಕೊಳ್ಳುವವರು ಒಪ್ಪಿ, ಅದನ್ನು ಸಿಸ್ಟಮ್‌ನಲ್ಲೇ ಸೇರಿಸಬೇಕು. ನಾನು ಬರೆದದ್ದನ್ನು ಅವರಿಗೆ ಕಳಿಸಿದೆ. ತಿರುಗಿ ಬಂತು: ಬಿಟ್ಟ ಸುದ್ದಿಯನ್ನು ಸರಿಯಾಗಿ ಕಳಿಸುವ ಯಂತ್ರಗಳೂ ಇವೆ, ನಿಮ್ಮ ತಿದ್ದುಪಡಿಯಿಂದ ಅವುಗಳಲ್ಲಿ ಗುಂಡಿ ಒತ್ತಿ ಹಿಡಿಯುವುದೇ ಆಗದು.

ನನಗೆ ಮೈಯೆಲ್ಲ ಉರಿಯಿತು. "ಹಾಳಾಗಿ ಹೋಗ್ಲಿ ಕಾಕು, ಪ್ರತಿ ಸಲ ನಾನ ಬಂದು ಮಾಡಿಕೊಡ್ತೇನಿ."

"ಯಾಕ, ನೀ ನನ್ನ ಬಲಗೈ ಏನ? ಅವರು ಅಂದದ್ದು ಖರೆ ಐತಿ. ನಮ್ಮನಿ ದೀಪ ಹಚ್ಚಾಕ ಮಂದಿ ಮನಿ ದೀಪ ಆರಸೂದೇನ್ಲೇ? ಅಳಿಸಿ ಮತ್ತ ಬರಿ."

ಅಳಿಸಿದೆ. ಬಿಟ್ಟ ಸುದ್ದಿ ಕಳಿಸದ ಯಂತ್ರ ಯಾವುದೆಂದು ಡ್ರೈವರ್ ಮೊದಲು ಗುರುತಿಸಿ, ಅಲ್ಲಿ ಮಾತ್ರ ತಾನೇ ಹೇಳುವಂತೆ ಬರೆದೆ. ಬರೆದಾಗಲೆಲ್ಲ ಕಾಕು ಗುಂಡಿ ಒತ್ತಿ ನೋಡುವರು. "ಇನ್ನೂ ಜಿಗ್ಯಾಕತ್ತೈತಿ, ನಡಿ," ಎಂದು ಅಟ್ಟುವರು. ಕೊನೆಗೆ ಕಾಕುವೂ ಒಪ್ಪಿದರು, ದೂರದ ಆ ಮಂದಿಯೂ ಒಪ್ಪಿದರು.

ನನ್ನ ತಿದ್ದುಪಡಿ ಸೇರಿದ ಅಪ್‌ಡೇಟ್ ಬಂದ ದಿನ ಓಣಿಯ ಹೆಂಗಸರು ಕಾಕುವಿನ ಪಡಸಾಲೆಯಲ್ಲಿ ನೆರೆದಿದ್ದರು. ಕಾಕು ಒತ್ತಿದರು. ಒಂದೇ ಸಾಲು. ಮತ್ತೆ ಒತ್ತಿದರು. ಒಂದೇ ಸಾಲು. ನಾನು ಪಾಟಿಯನ್ನು ಮುಟ್ಟಿಯೂ ಇರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಕಾಕು ತಲೆ ಎತ್ತಲಿಲ್ಲ.

"ಆತು. ಇನ್ನ ರಿಪೇರಿಗಂತ ಈ ಮನಿಗೆ ಬರಬ್ಯಾಡ. ಚಹಾಕ್ಕ ಬಾ."

ತೀರಿಕೊಳ್ಳುವ ವಾರದವರೆಗೂ ಅವರು ಅಂಚು ಬರೆದರು. ಚಹಾಕ್ಕೆ ದಿನವೂ ಕರೆದರು, ರಿಪೇರಿಗೆ ಒಮ್ಮೆಯೂ ಕರೆಯಲಿಲ್ಲ. ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಇಂದಿನವರೆಗೆ ಯಾರೂ ಮಾಡಿಲ್ಲ.