ದೊಡ್ಡವ್ವನ ಕಿವಿಗೆ ಒಪ್ಪಿದ ಹೆಡ್‌ಫೋನು

ಮಗಳು ನಿನ್ನೆ ಫೋನಿನಲ್ಲಿ ಹೆಡ್‌ಫೋನುಗಳ ಚಿತ್ರ ಒಂದೊಂದಾಗಿ ಸರಿಸುತ್ತ, ಯಾವುದು ತರಿಸಲಿ ಎಂದು ಕೇಳಿದಳು. ನೀನು ಜಡೆ ಹಾಕುತ್ತೀಯೋ ತುರುಬು ಕಟ್ಟುತ್ತೀಯೋ, ಮೊದಲು ಅದನ್ನು ಹೇಳು ಎಂದೆ. ಅವಳು ನಕ್ಕಳು. ನೀವೂ ನಕ್ಕರೆ ಬೇಸರವಿಲ್ಲ. ಆದರೆ ಈ ವಿಷಯದಲ್ಲಿ ನನ್ನದು ಪಳಗಿದ ಕೈ. ಗಂಗಾವತಿಯ ಅಂಗಡಿಗಳನ್ನೆಲ್ಲ ಸುತ್ತಿ, ಹೆಡ್‌ಫೋನು ಆರಿಸಿ, ಒಬ್ಬರ ಮಾನ ಉಳಿಸಿದವಳು ನಾನು.

ಆ ಒಬ್ಬರು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಸೋಬಾನೆ ಹಾಡಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಎರಡು ಗುಂಪಾಗಿ ಕೂತು, ಒಂದು ಗುಂಪು ಎತ್ತಿದ ಸಾಲನ್ನು ಇನ್ನೊಂದು ಗುಂಪು ತಿರುಗಿ ಹಾಡುತ್ತದೆ. ವಯಸ್ಸಾದಂತೆ ದೊಡ್ಡವ್ವನ ಕಿವಿ ಮಂದವಾಯಿತು. ಹನುಮಸಾಗರದ ಒಂದು ಮದುವೆಯಲ್ಲಿ ಎದುರಿನವರು ಸಾಲು ಮುಗಿಸುವ ಮೊದಲೇ ಮುಂದಿನದನ್ನು ಎತ್ತಿಬಿಟ್ಟಳು, ಅದೂ ಮೇಲಿಂದ ಮೇಲೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎದುರು ಗುಂಪಿನ ನೀಲಮ್ಮ ಮೆತ್ತಗೆ ಹೇಳಿದಳು: “ಯಕ್ಕಾ, ನೀ ಆ ಕಡೆ ಕುಂತು ಎಲಿ ಅಡಿಕಿ ಹಂಚು.”

ಮನೆಗೆ ಬಂದ ದೊಡ್ಡವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು. “ಯಾರ ಮದವಿಯಾಗರ ಎಲಿ ಹಂಚ್ತೀನವ್ವಾ. ನಿನ್ನ ಮದವಿಯಾಗ ಮಾತ್ರ ನಾನ ಹಾಡಬೇಕು.” ನನ್ನ ಮದುವೆ ಆಗಲೇ ಗೊತ್ತಾಗಿತ್ತು. ನನಗೆ ಗಂಡನ ಮನೆಯ ಚಿಂತೆಗಿಂತ ಇದೇ ದೊಡ್ಡ ಚಿಂತೆಯಾಯಿತು.

ಉಪಾಯ ಅವಳದೇ. ನೀಲಮ್ಮನ ಗುಂಪು ಬೇರೆ ಮದುವೆಗಳಲ್ಲಿ ಹಾಡಿದ್ದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ಯಾವ ಸಾಲಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ತೊಡೆ ತಟ್ಟಿ ತಟ್ಟಿ ಕಲಿಯುವುದು. ಆದರೆ ಅವಳಿಗೆ ಕೇಳುವಷ್ಟು ಜೋರಾಗಿ ಟೇಪು ಹಚ್ಚಿದರೆ, ರೈಸ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ ದೊಡ್ಡಪ್ಪ ಏಳುತ್ತಿದ್ದ. ಹೀಗೆ ಹೆಡ್‌ಫೋನಿನ ಮಾತು ಬಂತು.

ಮೊದಲು ತಂದದ್ದು ಕಿವಿಯೊಳಗೆ ಸಿಕ್ಕಿಸುವ ಗುಂಡಿಯಂಥದು. ಅಕ್ಕಿ ಆರಿಸಲು ಬಗ್ಗಿದಾಗಲೆಲ್ಲ ಕಳಚಿ ಮೊರದಲ್ಲಿ ಬೀಳುತ್ತಿತ್ತು. ಆಮೇಲೆ ಕಿವಿ ಪೂರ್ತಿ ಮುಚ್ಚುವ ದೊಡ್ಡದು ತಂದೆ. ಅಂಗಡಿಯವನು ಅದನ್ನು ಹೊಗಳಿದ್ದೇ ಹೊಗಳಿದ್ದು. ನಾನು ಅದರ ದನಿ ಕೇಳಿ ಮರುಳಾಗಿದ್ದೆನೇ ಹೊರತು ದೊಡ್ಡವ್ವನ ಕಿವಿಯ ಮೇಲಂಚಿನ ಬುಗುಡಿಯನ್ನು ನೆನೆದಿರಲಿಲ್ಲ; ಅದು ಒತ್ತಿ ಕಿವಿ ಕೆಂಪಾಯಿತು. ಮೇಲಾಗಿ ತಲೆಯ ಮೇಲಿನ ಪಟ್ಟಿ ಸೆರಗಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಸೆರಗು ತೆಗೆ, ದೊಡ್ಡಪ್ಪ ಮಲಗಿದ್ದಾನಲ್ಲ ಎಂದೆ. “ಮಲಗಿದ್ರೇನಾತು, ಮನ್ಯಾಗ ಅದಾರಲ್ಲ,” ಎಂದಳು.

ಮೂರನೆಯ ಸಲ ನಾನು ಅಂಗಡಿಯವನ ಮಾತು ಕೇಳಲಿಲ್ಲ. ತಲೆಯ ಮೇಲೆ ಹೋಗದೆ ಕತ್ತಿನ ಹಿಂದೆ ಹಾಯುವ ಪಟ್ಟಿಯದು ಒಂದು ಮೂಲೆಯಲ್ಲಿ ಬಿದ್ದಿತ್ತು. ಕಿವಿಗೆ ಬರೀ ತೆಳು ಸ್ಪಂಜು. ಪಟ್ಟಿ ದೊಡ್ಡವ್ವನ ತುರುಬಿನ ಕೆಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸ್ಪಂಜು ಬುಗುಡಿಯನ್ನು ಮುಟ್ಟಲಿಲ್ಲ. ಮೇಲೆ ಸೆರಗು ಹೊದ್ದಳೆಂದರೆ ಒಳಗೇನಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತಾಡಿಸಲು ಬಂದ ನೆರೆಯವರಿಗೆ ಅವಳು ಸುಮ್ಮನೆ ತಲೆಯಾಡಿಸುತ್ತ ತೊಡೆ ತಟ್ಟುತ್ತಿದ್ದಳು. ಪಾಪ, ಕಿವಿಯ ಜೊತೆ ತಲೆಯೂ ಕೆಟ್ಟಿತು ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು.

ಮದುವೆಯ ದಿನ ಅರಿಶಿಣ ಮೆತ್ತಿಸಿಕೊಂಡು ಕೂತಿದ್ದ ನಾನು ಕತ್ತು ಚಾಚಿ ದೊಡ್ಡವ್ವನನ್ನೇ ನೋಡುತ್ತಿದ್ದೆ. ದೊಡ್ಡವ್ವ ಮೊದಲ ಸಾಲು ಎತ್ತಿದಳು. ನೀಲಮ್ಮನ ಗುಂಪು ತಿರುಗಿ ಹಾಡಿತು. ದೊಡ್ಡವ್ವನ ಕೈ ತೊಡೆಯ ಮೇಲೆ ಮೆತ್ತಗೆ ಬೀಳುತ್ತಿತ್ತು. ಅವರು ನಿಲ್ಲಿಸಿದರು, ಅದೇ ಗಳಿಗೆಗೆ ಅವಳ ಎರಡನೆಯ ಸಾಲು ಎದ್ದಿತು. ಹಾಡಿನ ಮೇಲೆ ಹಾಡು ಬಂತು, ಎಲ್ಲೂ ತಪ್ಪಲಿಲ್ಲ. ಕಡೆಗೆ ದಣಿದು ತಡವರಿಸಿದ್ದು ಎದುರಿನವರೇ. ನೀಲಮ್ಮ ಎದ್ದುಬಂದು ದೊಡ್ಡವ್ವನ ಪಕ್ಕದಲ್ಲಿ ಕೂತಳು. “ಯಕ್ಕಾ, ಇನ್ನ ನೀನ ಎತ್ತು. ನಾವೆಲ್ಲಾ ನಿನ್ನ ಹಿಂದ ಅದೀವಿ.” ಮದುಮಗಳು ಹಲ್ಲು ಕಾಣುವಂತೆ ನಗಬಾರದೆಂದು ಎಷ್ಟೋ ಸಲ ಹೇಳಿಸಿಕೊಂಡಿದ್ದೆ, ಆ ಹೊತ್ತು ಯಾರ ಮಾತೂ ನೆನಪಾಗಲಿಲ್ಲ. ಹೊಟ್ಟೆ ತುಂಬ ನಕ್ಕೆ.

ಇಷ್ಟನ್ನೂ ಕೇಳಿದ ಮಗಳು ಫೋನು ಪಕ್ಕಕ್ಕಿಟ್ಟು, “ಆ ಹಾಡು ನಿನಗ ಬರ್ತೈತೇನವ್ವಾ?” ಎಂದಳು. ಹಾಡಿಸಿಕೊಂಡವಳೇ ಹೊರತು ನಾನು ಹಾಡಿದವಳಲ್ಲ. ದನಿಯೂ ಅಷ್ಟಕ್ಕಷ್ಟೆ. ಆದರೂ ತೊಡೆ ತಟ್ಟಿ ಒಂದು ಸಾಲು ಎತ್ತಿದೆ, ನಿಲ್ಲಿಸಿ ಕಾದೆ. ಮಗಳು ತಿರುಗಿ ಹಾಡಿದಳು.