ಬೊಂಬೆಗೆ ಹೇಳಿದ್ದು

ತಿಂಗಳುಗಟ್ಟಲೆ ನಾನು ಮಾತಾಡಿದ್ದು ಮೊಮ್ಮಗಳ ಜೊತೆಯಲ್ಲ, ಬೊಂಬೆಯ ಜೊತೆ. ನಡೆದದ್ದು ಅಷ್ಟೇ. ಮಾರತ್ತಹಳ್ಳಿಯ ಪಿಜಿಯಲ್ಲಿದ್ದ ಅವಳ ಮುಖ ದಿನಾ ಬೆಳಗ್ಗೆ ಲಗ್ಗೆರೆಯಲ್ಲಿ ನನ್ನ ಫೋನಿಗೆ ಬಂದು, "ತಿಂಡಿ ಆಯ್ತಾ ಅಜ್ಜಿ?" ಎನ್ನುತ್ತಿತ್ತು. ನಾನು ಉತ್ತರ ಕೊಡುತ್ತಿದ್ದೆ. ಸೋಮವಾರ ಕಣ್ಣಿನ ಆಪರೇಷನ್, ಜೊತೆಗೆ ಬಾ ಎಂದೂ ಹೇಳಿದ್ದೆ.

ಭಾನುವಾರ ಅವಳೇ ಮನೆಗೆ ಬಂದಳು. "ನಾಳೆ ಆಸ್ಪತ್ರೆಗೆ ಎಷ್ಟೊತ್ತಿಗೆ ಹೊರಡೋಣ?" ಎಂದೆ.

"ಯಾವ ಆಸ್ಪತ್ರೆ ಅಜ್ಜಿ?"

ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ಕಾಲ್ ಅಲ್ಲ, ವಿಡಿಯೋ. ನಾನು ಟೈಪ್ ಮಾಡಿದ್ದನ್ನ ಕಂಪ್ಯೂಟರು ನನ್ನ ಮುಖದ ಬೊಂಬೆ ಮಾಡಿ ಹೇಳಿಸತ್ತೆ. ನೀನು ಹೇಳಿದ್ದು ನಂಗೆ ಕೇಳ್ಸಲ್ಲ."

"ನಿನ್ನ ಬಾಯಿಗೇನಾಗಿತ್ತೇ?"

"ಟೈಮ್ ಇರಲ್ಲ ಅಜ್ಜಿ. ನಾಳೆನೂ ರಜ ಸಿಗಲ್ಲ."

ಮರುದಿನ ಬೆಳಗ್ಗೆ ಆ ಮುಖ ಫೋನಿನಲ್ಲಿ, "ಧೈರ್ಯವಾಗಿರು ಅಜ್ಜಿ" ಎಂದಿತು. ಫೋನನ್ನು ಮಂಚದ ಮೇಲೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಒಬ್ಬಳೇ ಆಸ್ಪತ್ರೆಗೆ ಬಸ್ಸು ಹತ್ತಿದೆ.